ಸಲೂನಿನ ಹೊರಗೆ ನಡೆಯುವ ಕ್ಷೌರ ಮತ್ತು ಸೌಂದರ್ಯ ಸೇವೆಗೆ ನಿಯಮ ರೂಪಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಾಸಿಗೆ ಹಿಡಿದಿರುವ ಹಿರಿಯರೊಬ್ಬರ ಗಡ್ಡ ತೆಗೆಯಲು ಕ್ಷೌರಿಕರು ಮನೆಗೆ ಬಂದಿದ್ದಾರೆ ಎಂದುಕೊಳ್ಳಿ. ಮಂಚದ ಪಕ್ಕದ ಸ್ಟೂಲಿನ ಮೇಲೆ ಸಾಮಾನು ಬಿಚ್ಚಿಡುತ್ತಾರೆ. ಅದೇ ಸ್ಟೂಲಿನ ಮೇಲೆ ಮಾತ್ರೆಯ ಡಬ್ಬಿ ಮತ್ತು ಕುಡಿಯುವ ನೀರಿನ ಲೋಟವೂ ಇವೆ. ಹಿರಿಯರ ಚರ್ಮ ಕಾಗದದಷ್ಟು ತೆಳುವಾಗಿದೆ, ರಕ್ತ ತೆಳುವಾಗಿಸುವ ಮಾತ್ರೆಯೂ ನಡೆಯುತ್ತಿದೆ. ದವಡೆಯ ತಿರುವಿನಲ್ಲಿ ಬ್ಲೇಡು ಎಳ್ಳಷ್ಟು ಜಾರುತ್ತದೆ. ರಕ್ತ ನಿಲ್ಲುವುದಿಲ್ಲ. ಕ್ಷೌರಿಕರು ಪಟಿಕದ ತುಂಡೊಂದನ್ನು ತೆಗೆದು ಗಾಯದ ಮೇಲೆ ಉಜ್ಜಿ, ಬಟ್ಟೆಯಿಂದ ಒರೆಸಿ, ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆ ತುಂಡು ಬೆಳಗಿನಿಂದ ಎಷ್ಟು ಮುಖಗಳನ್ನು ಮುಟ್ಟಿದೆಯೋ, ಸಂಜೆಯೊಳಗೆ ಇನ್ನೆಷ್ಟನ್ನು ಮುಟ್ಟಲಿದೆಯೋ!

ಅವರು ಅಸಡ್ಡೆಯ ಮನುಷ್ಯರಲ್ಲ. ಸಲೂನಿಗೆಂದು ಬರೆದ ನಿಯಮಗಳಲ್ಲಿ ನೆಲ, ಕುರ್ಚಿ, ಸಿಂಕು, ಬೆಳಕು ಎಲ್ಲದರ ಬಗ್ಗೆಯೂ ಮಾತಿದೆ. ಹೆಗಲಿಗೇರಿಸಿಕೊಂಡು ಹೊರಡುವ ಚೀಲದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕನ್ನಡದಲ್ಲಿ ಆ ಚೀಲಕ್ಕೆ ಹಡಪ ಎಂಬ ಚೆಂದದ ಹಳೆಯ ಹೆಸರಿದೆ, ಈ ಬರಹದುದ್ದಕ್ಕೂ ಅದನ್ನೇ ಬಳಸುತ್ತೇನೆ. ಹೊರಗಿನ ಸೇವೆಗೆ ನಿಯಮ ಬರೆಯುವವರು ಹಡಪದಿಂದ ಶುರು ಮಾಡಬೇಕು ಎಂಬುದೇ ನನ್ನ ವಾದ. ಸ್ಥಳೀಯ ಸಂಸ್ಥೆ, ಪರವಾನಗಿ ಮಂಡಳಿ, ವೃತ್ತಿ ಸಂಘ, ಮೊಬೈಲ್ ಆ್ಯಪ್ ಮೂಲಕ ಸೇವೆ ಕೊಡುವ ಕಂಪನಿ, ಇವುಗಳಲ್ಲಿ ಯಾವುದರ ಪರವಾಗಿ ನೀವು ಕರಡು ಬರೆಯುತ್ತಿದ್ದರೂ ಮುಂದಿನ ಹಂತಗಳು ಉಪಯೋಗಕ್ಕೆ ಬರುತ್ತವೆ.

ಮೊದಲು ಒಂದು ಎಚ್ಚರಿಕೆ. ಹೊರಗಿನ ಸೇವೆಯನ್ನು ಪೂರ್ತಿ ನಿಷೇಧಿಸುವ ಆಸೆಗೆ ಬೀಳಬೇಡಿ. ನಿಷೇಧಿಸಿದರೂ ಅದು ನಡೆಯುತ್ತದೆ, ಕದ್ದುಮುಚ್ಚಿ ನಡೆಯುತ್ತದೆ, ಆಗ ಗಾಯವಾದರೆ ದೂರು ಕೊಡಲೂ ಜನ ಹೆದರುತ್ತಾರೆ. ಸಲೂನಿನ ಗೋಡೆಗಳು ತಾವಾಗಿಯೇ ಯಾರನ್ನೂ ಕಾಪಾಡುವುದೂ ಇಲ್ಲ. 2000ರಲ್ಲಿ ಕ್ಯಾಲಿಫೋರ್ನಿಯಾದ ಒಂದು ನೇಲ್ ಸಲೂನಿನಲ್ಲಿ ಪೆಡಿಕ್ಯೂರ್ ಮಾಡಿಸಿಕೊಂಡ ನೂರಕ್ಕೂ ಹೆಚ್ಚು ಮಂದಿಯ ಕಾಲುಗಳಲ್ಲಿ ತಿಂಗಳುಗಟ್ಟಲೆ ಮಾಯದ ಹುಣ್ಣುಗಳೆದ್ದವು. ಕಾಲು ನೆನೆಸುವ ತೊಟ್ಟಿಯ ಜಾಲರಿಯ ಹಿಂದೆ ಕೂದಲು, ಸತ್ತ ಚರ್ಮ ಕಟ್ಟಿಕೊಂಡಿತ್ತು. ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಎಂಬ ಸೂಕ್ಷ್ಮಾಣು ಅಲ್ಲಿ ಬೆಳೆದಿತ್ತು. ಪೆಡಿಕ್ಯೂರ್‌ಗೆ ಮುನ್ನ ಕಾಲಿನ ಕೂದಲು ಬೋಳಿಸಿಕೊಂಡಿದ್ದವರಿಗೆ ಅಪಾಯ ಹೆಚ್ಚಾಗಿತ್ತು ಎಂಬುದೂ ತನಿಖೆಯಲ್ಲಿ ಗೊತ್ತಾಯಿತು. ಸಲಕರಣೆ ಮತ್ತು ಚರ್ಮ ಸೇರುವ ಜಾಗದಲ್ಲಿ ಅಪಾಯ ಇರುತ್ತದೆ. ನಿಯಮವೂ ಅಲ್ಲಿಯೇ ಇರಬೇಕು.

ಹಂತ 1: 'ಹೊರಗೆ' ಎಂದರೆ ಎಲ್ಲಿ ಎಂದು ಬಿಡಿಸಿ ಬರೆಯಿರಿ

'ಸಲೂನಿನ ಹೊರಗೆ' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿಹಾಕಿದರೆ ಮುಂದೆ ಪ್ರತಿ ವ್ಯಾಖ್ಯಾನಕ್ಕೂ ಜಗಳವಾಗುತ್ತದೆ. ಕನಿಷ್ಠ ಐದು ಸನ್ನಿವೇಶಗಳನ್ನು ಬೇರೆ ಬೇರೆಯಾಗಿ ಹೆಸರಿಸಿ: ಗ್ರಾಹಕರ ಮನೆ, ಆಸ್ಪತ್ರೆ ಮತ್ತು ವೃದ್ಧಾಶ್ರಮ, ಮದುವೆ, ಚಿತ್ರೀಕರಣದಂತಹ ಸಂದರ್ಭ, ಸಲೂನಿನಂತೆ ಸಜ್ಜುಗೊಳಿಸಿದ ವಾಹನ, ಉಚಿತ ಸೇವಾ ಶಿಬಿರ. ಕೆಲಸಗಾರರು ತಮ್ಮದೇ ಮನೆಯ ಕೋಣೆಯಲ್ಲಿ ಗ್ರಾಹಕರನ್ನು ಕೂರಿಸಿಕೊಳ್ಳುವುದು ಈ ಪಟ್ಟಿಗೆ ಸೇರುವುದಿಲ್ಲ. ಅದು ಚಿಕ್ಕ ಸಲೂನು, ಅದನ್ನು ಸಲೂನಿನ ನಿಯಮದಡಿಯೇ ತನ್ನಿ. ವಾಹನವೂ ಹೆಚ್ಚುಕಡಿಮೆ ಹಾಗೆಯೇ: ನೀರಿನ ತೊಟ್ಟಿ, ಕೊಳಚೆ ನೀರಿನ ತೊಟ್ಟಿ, ಗಾಳಿಯಾಟ ಇವನ್ನು ಕೇಳಿದರೆ ಉಳಿದದ್ದಕ್ಕೆಲ್ಲ ಸಲೂನಿನ ನಿಯಮ ಸಾಕು.

ಅಮೆರಿಕದ ಹಲವು ರಾಜ್ಯಗಳ ಕಾನೂನುಗಳು ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಹೊರಗೆ ಬರಲಾಗದವರಿಗಷ್ಟೇ ಮನೆಸೇವೆಗೆ ಅವಕಾಶ ಕೊಟ್ಟಿದ್ದವು. ಉದ್ದೇಶ ಒಳ್ಳೆಯದಾದರೂ ಫಲ ತಲೆಕೆಳಗಾಗಿದೆ. ಅತಿ ಹೆಚ್ಚು ಅಪಾಯವಿರುವ ದೇಹಗಳಿಗೆ ಬಾಗಿಲು ತೆರೆದು, ಗಟ್ಟಿಮುಟ್ಟಾದವರಿಗೆ ಮುಚ್ಚಿದಂತಾಯಿತು. ರೋಗಿಗಳಿಗೆ ಸೇವೆ ಖಂಡಿತ ಬೇಕು, ಹೆಚ್ಚಿನ ಎಚ್ಚರದ ಷರತ್ತಿನೊಂದಿಗೆ ಬೇಕು.

ಹಂತ 2: ಸೇವೆಗಳನ್ನು ಅಪಾಯದ ಪ್ರಕಾರ ಮೂರು ದರ್ಜೆಗೆ ಹಾಕಿ

ಇಡೀ ಕರಡಿನ ಬೆನ್ನೆಲುಬು ಇದು. ಇದಕ್ಕೆ ಬೇಕಾದಷ್ಟು ಸಮಯ ಕೊಡಿ. ವೈದ್ಯಕೀಯ ಉಪಕರಣಗಳನ್ನು ವಿಂಗಡಿಸಲು ಅರ್ಲ್ ಸ್ಪಾಲ್ಡಿಂಗ್ ಎಂಬ ವಿಜ್ಞಾನಿ ರೂಪಿಸಿದ ಕ್ರಮವೊಂದಿದೆ. ಮೈಯೊಳಗೆ ಹೋಗುವುದು, ಲೋಳೆಪೊರೆ ಅಥವಾ ಗಾಯಗೊಂಡ ಚರ್ಮವನ್ನು ಮುಟ್ಟುವುದು, ಸರಿಯಾಗಿರುವ ಚರ್ಮವನ್ನಷ್ಟೇ ಮುಟ್ಟುವುದು ಎಂದು ಅದು ಮೂರು ಭಾಗ ಮಾಡುತ್ತದೆ. ನಮ್ಮ ಕೆಲಸಕ್ಕೂ ಅದೇ ತರ್ಕ ಸರಿಹೊಂದುತ್ತದೆ.

ಮೊದಲ ದರ್ಜೆಯಲ್ಲಿ ಚರ್ಮ ಹರಿಯುವ ಸಂಭವವೇ ಇಲ್ಲದ ಕೆಲಸಗಳು: ಜಡೆ ಹೆಣೆಯುವುದು, ಕೇಶಾಲಂಕಾರ, ಮೇಕಪ್, ಉಗುರಿಗೆ ಬಣ್ಣ. ಇವನ್ನು ಎಲ್ಲಿ ಬೇಕಾದರೂ ಮಾಡಲು ಬಿಡಿ. ಮಿನೆಸೋಟ ರಾಜ್ಯ 2020ರಲ್ಲಿ ಕೇಶಾಲಂಕಾರ ಮತ್ತು ಮೇಕಪ್‌ಗಷ್ಟೇ ಸೀಮಿತರಾದವರನ್ನು ಪೂರ್ಣ ಪರವಾನಗಿಯಿಂದ ಬಿಡುಗಡೆ ಮಾಡಿ, ಆರೋಗ್ಯ, ಸುರಕ್ಷತೆ ಮತ್ತು ಸೋಂಕು ನಿಯಂತ್ರಣದ ನಾಲ್ಕು ಗಂಟೆಯ ತರಬೇತಿಯನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಕ್ಷೌರಿಕರ ಪರವಾನಗಿಯ ಮೊದಲ ಕಾನೂನು 1897ರಲ್ಲಿ ಬಂದದ್ದೂ ಅದೇ ರಾಜ್ಯದಲ್ಲಿ. ಬಿಗಿ ಹಿಡಿದವರೇ ಎಲ್ಲಿ ಸಡಿಲಿಸಬೇಕೆಂದು ಕಲಿತರು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಎರಡನೆಯ ದರ್ಜೆಯಲ್ಲಿ ಚರ್ಮ ಹರಿಯಬಹುದಾದ ಅಥವಾ ರಾಸಾಯನಿಕ ತಾಗುವ ಕೆಲಸಗಳು: ಬ್ಲೇಡಿನ ಕ್ಷೌರ, ಟ್ರಿಮ್ಮರ್, ವ್ಯಾಕ್ಸಿಂಗ್, ಥ್ರೆಡಿಂಗ್, ಉಗುರಿನ ಸುತ್ತಲಿನ ಚರ್ಮ ತೆಗೆಯುವುದು, ಕೂದಲಿಗೆ ಬಣ್ಣ. ಮನೆಸೇವೆಯ ಬಹುಪಾಲು ಇದೇ. ಇಲ್ಲಿ ಪರವಾನಗಿ, ಹಡಪದ ಮಾನದಂಡ, ದಾಖಲೆ ಮೂರೂ ಬೇಕು.

ಮೂರನೆಯದು ಹೊರಗೆ ಮಾಡಲೇಬಾರದ ಕೆಲಸಗಳ ದರ್ಜೆ. ಚರ್ಮ ಚುಚ್ಚುವುದು, ತೀವ್ರ ಆಮ್ಲದಿಂದ ಚರ್ಮದ ಪದರ ಸುಲಿಯುವುದು, ಆಣಿ ಮತ್ತು ಮಚ್ಚೆ ಕೊಯ್ಯುವುದು ಇದರಲ್ಲಿ ಬರುತ್ತವೆ. ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುವ ಕೂದಲು ನೇರಗೊಳಿಸುವ ದ್ರವಗಳನ್ನೂ ಇಲ್ಲಿಗೇ ಸೇರಿಸಿ. ಇವುಗಳ ವಿರುದ್ಧ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ 2011ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಮಲಗುವ ಕೋಣೆಯ ಕಿಟಕಿ ಮುಚ್ಚಿ ಇದನ್ನು ಮಾಡಿದರೆ, ಆ ಹೊಗೆ ಪಕ್ಕದ ತೊಟ್ಟಿಲಿನ ಮಗುವಿನ ಮೂಗಿಗೂ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಕೂದಲು ಕತ್ತರಿಸಲು ಕಡ್ಡಾಯ ಪರವಾನಗಿಯೇ ಇಲ್ಲ. 1964ರ ಕಾಯ್ದೆಯ ನೋಂದಣಿ ಐಚ್ಛಿಕ. ಕಿವಿ ಚುಚ್ಚುವುದು, ಹಚ್ಚೆ, ವಿದ್ಯುತ್ತಿನಿಂದ ರೋಮ ತೆಗೆಯುವುದು ಮುಂತಾದ ಚರ್ಮ ಚುಚ್ಚುವ ಕೆಲಸಗಳಿಗೆ ಮಾತ್ರ 1982ರ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ನೋಂದಣಿಯ ಅಧಿಕಾರ ಕೊಟ್ಟಿದೆ. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದಕ್ಕೆ ಇದು ಒಳ್ಳೆಯ ಸುಳಿವು.

ಹಂತ 3: ಪರವಾನಗಿಯನ್ನು ವ್ಯಕ್ತಿಗೆ ಕೊಡಿ

ಸಲೂನಿನ ಪರವಾನಗಿ ಕಟ್ಟಡದ ವಿಳಾಸಕ್ಕೆ ಸೇರಿದ್ದು. ಹೊರಗಿನ ಸೇವೆಗೆ ಕೆಲಸಗಾರರ ಹೆಸರು, ಭಾವಚಿತ್ರ, ಅನುಮತಿ ಇರುವ ದರ್ಜೆ, ಮುಕ್ತಾಯ ದಿನಾಂಕ ಇರುವ ಗುರುತಿನ ಚೀಟಿ ಬೇಕು. ಬಾಗಿಲಲ್ಲೇ ತೋರಿಸುವುದು ಅವರ ಕರ್ತವ್ಯ, ಕೇಳುವುದು ಮನೆಯವರ ಹಕ್ಕು. ಕ್ಯಾಲಿಫೋರ್ನಿಯಾದಲ್ಲಿ ಈಗ ಹೀಗೆ ಸಲೂನಿನ ಹೊರಗಿನ ಕೆಲಸಕ್ಕೇ ಪ್ರತ್ಯೇಕ ಅನುಮತಿಯ ವ್ಯವಸ್ಥೆ ಇದೆ.

ಶುಲ್ಕ ಏರಿಸುವ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಹಡಪ ಹೊತ್ತು ಓಡಾಡುವವರಲ್ಲಿ ಅಂಗಡಿ ಬಾಡಿಗೆ ಕಟ್ಟಲಾಗದವರು, ಮಕ್ಕಳನ್ನು ನೋಡಿಕೊಳ್ಳುತ್ತ ಅರೆಹೊತ್ತು ದುಡಿಯುವ ಹೆಂಗಸರು ಬಹಳ. ಸಲೂನಿನಷ್ಟೇ ಶುಲ್ಕ ಹೇರಿದರೆ ಅವರು ನೋಂದಣಿಗೆ ಬರುವುದೇ ಇಲ್ಲ. ಪರೀಕ್ಷೆಯನ್ನು ಅವರು ಓದುವ ಭಾಷೆಯಲ್ಲಿ ನಡೆಸಿ. ಓದಲು ಬಾರದವರಿಗೆ ಮಾತಿನಲ್ಲಿ ಕೇಳಿ, ಕೈಯಲ್ಲಿ ಮಾಡಿಸಿ ನೋಡಿ. ಅದೇ ನಿಜವಾದ ಪರೀಕ್ಷೆ.

ಹಂತ 4: ಹಡಪದ ಮಾನದಂಡ ಬರೆಯಿರಿ

ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲಿ, ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಂಡಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ಹುಳುಕಡ್ಡಿಯ ಶಿಲೀಂಧ್ರದ ಕಣಗಳು ಟ್ರಿಮ್ಮರಿನ ಹಲ್ಲುಗಳ ನಡುವಿನ ಕೂದಲ ಚೂರಿನಲ್ಲಿ ದೀರ್ಘಕಾಲ ಬದುಕುತ್ತವೆ. ಈ ಎರಡು ಸಂಗತಿಗಳನ್ನು ಕರಡಿನ ಮುನ್ನುಡಿಯಲ್ಲೇ ಬರೆಯಿರಿ. ಕಾರಣ ಗೊತ್ತಿದ್ದವರು ನಿಯಮವನ್ನು ಮನಸ್ಸಿಟ್ಟು ಪಾಲಿಸುತ್ತಾರೆ.

ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ಶುದ್ಧಿಮಾಡುವ ಯಂತ್ರವನ್ನು ಮನೆಮನೆಗೆ ಹೊರಲಾಗದು. ಆದ್ದರಿಂದ ರಕ್ತ ತಾಗಬಹುದಾದ ಪ್ರತಿಯೊಂದು ವಸ್ತುವೂ ಒಂದೇ ಬಳಕೆಯದಾಗಿರಬೇಕು. ಹೊರಗಿನ ಸೇವೆಯ ಮೂಲ ನಿಯಮ ಇದು. ನಿಮ್ಮ ಕರಡಿಗೆ ಹೀಗೆ ಕೆಲವು ಕಲಮುಗಳನ್ನು ಎತ್ತಿಕೊಳ್ಳಬಹುದು:

"ಬ್ಲೇಡಿನ ಪೊಟ್ಟಣವನ್ನು ಗ್ರಾಹಕರ ಕಣ್ಣೆದುರೇ ಬಿಚ್ಚತಕ್ಕದ್ದು. ಬಳಸಿದ ಬ್ಲೇಡನ್ನು ಚುಚ್ಚಿದರೂ ತೂತಾಗದ, ಮುಚ್ಚಳವಿರುವ ಡಬ್ಬಿಗೆ ಕೂಡಲೇ ಹಾಕತಕ್ಕದ್ದು. ಗ್ರಾಹಕರ ಮನೆಯ ಕಸದ ಬುಟ್ಟಿಗೆ ಹಾಕಕೂಡದು."

"ಹಡಪದಲ್ಲಿ ಶುದ್ಧ ಸಾಮಾನಿಗೆ ಒಂದು, ಬಳಸಿದ ಸಾಮಾನಿಗೆ ಒಂದು, ಹೀಗೆ ಬೇರೆ ಬಣ್ಣದ ಎರಡು ಮುಚ್ಚಿದ ಡಬ್ಬಿಗಳಿರತಕ್ಕದ್ದು. ಒಂದು ದಿನದಲ್ಲಿ ಎಷ್ಟು ಮನೆಗಳಿಗೆ ಹೋಗಲಿದ್ದಾರೋ ಅಷ್ಟು ಜೊತೆ ಬಾಚಣಿಗೆ ಮತ್ತು ಕತ್ತರಿಗಳು ಶುದ್ಧ ಡಬ್ಬಿಯಲ್ಲಿರತಕ್ಕದ್ದು."

"ಒಬ್ಬರಿಂದೊಬ್ಬರಿಗೆ ಬಳಸುವ ಪಟಿಕದ ಗಟ್ಟಿ ನಿಷಿದ್ಧ. ಪುಡಿ ಅಥವಾ ದ್ರವವನ್ನು ಹೊಸ ಹತ್ತಿಯಲ್ಲಿ ಅದ್ದಿ ಹಚ್ಚಿ, ಹತ್ತಿಯನ್ನು ಎಸೆಯತಕ್ಕದ್ದು."

ಎರಡನೆಯ ಕಲಮು ಸಣ್ಣದಾಗಿ ಕಂಡರೂ ಬಹಳ ಕೆಲಸ ಮಾಡುತ್ತದೆ. ಮನೆಯಿಂದ ಮನೆಗೆ ಓಡುವ ನಡುವೆ ಸೋಂಕುನಿವಾರಕದಲ್ಲಿ ಅದ್ದಿ ಕಾಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆ ನೀಲಿ ದ್ರವದಲ್ಲಿ ಕತ್ತರಿಯನ್ನು ಮುಳುಗಿಸಿ ಎತ್ತಿದರೆ ಏನೂ ಸಾಯುವುದಿಲ್ಲ. ಬಾಟಲಿಯ ಮೇಲೆ ನಮೂದಿಸಿದಷ್ಟು ಹೊತ್ತು, ಸಾಮಾನ್ಯವಾಗಿ 10 ನಿಮಿಷ, ಪೂರ್ತಿ ಮುಳುಗಿರಬೇಕು. ಅದಕ್ಕೂ ಮೊದಲು ಸೋಪು ನೀರಿನಲ್ಲಿ ಉಜ್ಜಿ ಕೂದಲು, ಎಣ್ಣೆ, ಸೋಪಿನ ಜಿಡ್ಡು ತೆಗೆದಿರಬೇಕು, ಇಲ್ಲದಿದ್ದರೆ ಜಿಡ್ಡೇ ಸೂಕ್ಷ್ಮಾಣುವಿಗೆ ಕವಚವಾಗುತ್ತದೆ. ದಿನದ ಕೊನೆಗೆ ಎಲ್ಲವನ್ನೂ ಒಟ್ಟಿಗೆ ತೊಳೆದು ಅದ್ದುವುದು ಕಾರ್ಯಸಾಧ್ಯವಾದ ದಾರಿ. ದ್ರವವನ್ನು ದಿನವೂ ಹೊಸದಾಗಿ ಕಲಸಬೇಕು. ನೇರಳಾತೀತ ದೀಪದ ಪೆಟ್ಟಿಗೆಯನ್ನು ಶುದ್ಧಿಯ ಸಾಧನವೆಂದು ಒಪ್ಪಬೇಡಿ. ಬೆಳಕು ಬೀಳದ ಬದಿಯಲ್ಲಿ ಅದರಿಂದ ಏನೂ ಆಗುವುದಿಲ್ಲ. ಶುದ್ಧವಾದ ಸಾಮಾನನ್ನು ಇಡಲಷ್ಟೇ ಅದು ಸರಿ.

ಟ್ರಿಮ್ಮರಿನ ಕಥೆ ಬೇರೆ, ಅದನ್ನು ನೀರಿನಲ್ಲಿ ಅದ್ದಲಾಗದು. ಹಲ್ಲು ಬಿಚ್ಚಿ, ಬ್ರಷ್‌ನಿಂದ ಕೂದಲು ಉದುರಿಸಿ, ಅದಕ್ಕೆಂದೇ ಬರುವ ಸೋಂಕುನಿವಾರಕ ಸಿಂಪಡಿಸಿ, ಒದ್ದೆಯಾಗಿಯೇ ನಮೂದಿಸಿದಷ್ಟು ಹೊತ್ತು ಬಿಡಬೇಕು. ಬದಲಿ ಹಲ್ಲಿನ ಜೊತೆಗಳನ್ನು ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ವ್ಯಾಕ್ಸಿಂಗ್‌ನಲ್ಲಿ ತಪ್ಪು ನಡೆಯುವ ಜಾಗ ಒಂದೇ: ಚರ್ಮ ಮುಟ್ಟಿದ ಕಡ್ಡಿಯನ್ನು ಮತ್ತೆ ಮೇಣದ ಡಬ್ಬಿಗೆ ಅದ್ದುವುದು. ಪ್ರತಿ ಅದ್ದಿಗೂ ಹೊಸ ಕಡ್ಡಿ ಎಂದು ಬರೆಯಿರಿ. ಥ್ರೆಡಿಂಗ್‌ನಲ್ಲಿ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ರೂಢಿ ಎಲ್ಲೆಡೆ ಇದೆ. ಕೆಲಸ ಸಾಗುತ್ತ ದಾರ ಜರುಗುತ್ತದೆ, ಬಾಯಲ್ಲಿ ನೆನೆದ ಭಾಗ ಹುಬ್ಬಿನ ಮೇಲೆ ಬರುತ್ತದೆ, ಹುಬ್ಬಿನ ಮೇಲೆ ಓಡಾಡಿದ ಭಾಗ ಬಾಯಿಗೆ ಹೋಗುತ್ತದೆ. ಇಬ್ಬರಿಗೂ ಕೇಡು. ದಾರವನ್ನು ಕೊರಳಿಗೆ ಸುತ್ತಿಕೊಂಡೋ ಎರಡೂ ಕೈಯಲ್ಲಿ ಹಿಡಿದೋ ಮಾಡುವ ವಿಧಾನವನ್ನು ತರಬೇತಿಯಲ್ಲಿ ಕಲಿಸಿ, ನಂತರವೇ ಕಡ್ಡಾಯ ಮಾಡಿ. ವರ್ಷಗಟ್ಟಲೆ ಕೈಗೆ ಕೂತ ಅಭ್ಯಾಸ ಒಂದು ಆದೇಶಕ್ಕೆ ಬದಲಾಗುವುದಿಲ್ಲ.

ಹಂತ 5: ಕೆಲಸದ ಜಾಗಕ್ಕೆ ಕನಿಷ್ಠ ಷರತ್ತು

ಮನೆಯನ್ನು ಸಲೂನು ಮಾಡಲು ಹೋಗಬೇಡಿ. ಒಳ್ಳೆಯ ಬೆಳಕು, ಕೈ ತೊಳೆಯಲು ಹರಿಯುವ ನೀರು, ಸಾಮಾನಿಡಲು ಒರೆಸಬಹುದಾದ ಮೇಲ್ಮೈ ಅಥವಾ ಅದರ ಮೇಲೆ ಹಾಸುವ ಒಂದೇ ಬಳಕೆಯ ಹಾಳೆ, ಇಷ್ಟು ಸಾಕು. ಅಡುಗೆ ಕಟ್ಟೆಯ ಮೇಲೆ, ಊಟದ ಮೇಜಿನ ಮೇಲೆ ಬೇಡ. ಬಣ್ಣ ಹಚ್ಚುವಾಗ ಕಿಟಕಿ ತೆರೆದಿರಲಿ. ಇವಿಷ್ಟೂ ಇಲ್ಲದಿದ್ದರೆ ಕೆಲಸ ನಿರಾಕರಿಸುವ ಹಕ್ಕು ಕೆಲಸಗಾರರಿಗೆ ಇದೆ ಎಂದು ಸ್ಪಷ್ಟವಾಗಿ ಬರೆಯಿರಿ.

ಹಂತ 6: ಶುರು ಮಾಡುವ ಮೊದಲು ನೋಡಬೇಕಾದದ್ದು, ಕೇಳಬೇಕಾದದ್ದು

ಕೀವು ತುಂಬಿದ ಗುಳ್ಳೆ, ಹುಳುಕಡ್ಡಿ, ಹೇನು, ತೆರೆದ ಗಾಯ, ಹರಡುತ್ತಿರುವ ಕೆಂಪು ಕಲೆ ಇದ್ದಲ್ಲಿ ಕೆಲಸ ಮುಂದಕ್ಕೆ ಹಾಕಿ ವೈದ್ಯರನ್ನು ಕಾಣಲು ಹೇಳಬೇಕು. ಯಾವ ರೋಗ ಎಂದು ಹೆಸರಿಡುವುದು ಕೆಲಸಗಾರರ ಕೆಲಸವಲ್ಲ, ಮನೆಮಂದಿಯ ಎದುರು ಅದನ್ನು ಆಡುವುದಂತೂ ಸಲ್ಲ.

ಕೇಳಬೇಕಾದ ಪ್ರಶ್ನೆಗಳು ಮೂರೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಸಕ್ಕರೆ ಕಾಯಿಲೆ ಇದೆಯೇ? ಹಿಂದೆ ಬಣ್ಣ, ಮೇಣ, ಕ್ರೀಮಿನಿಂದ ತುರಿಕೆ ಎದ್ದಿತ್ತೇ? ಮೊದಲನೆಯದಕ್ಕೆ ಹೌದು ಎಂದರೆ ಬ್ಲೇಡಿನ ಬದಲು ಟ್ರಿಮ್ಮರ್. ಈ ಬರಹದ ಆರಂಭದ ಹಿರಿಯರಿಗೆ ಅಷ್ಟೇ ಸಾಕಾಗಿತ್ತು. ಎರಡನೆಯದಕ್ಕೆ ಹೌದು ಎಂದರೆ ಪಾದದಲ್ಲಿ ಆಣಿ ಉಜ್ಜುವುದು, ಉಗುರಂಚಿನ ಚರ್ಮ ಕತ್ತರಿಸುವುದು ಬೇಡ. ನೋವೇ ತಿಳಿಯದ ಪಾದದಲ್ಲಿ ಸಣ್ಣ ಗೀರು ದೊಡ್ಡ ಹುಣ್ಣಾಗಬಹುದು.

ಕೂದಲಿನ ಬಣ್ಣದಲ್ಲಿರುವ ಪ್ಯಾರಾಫಿನೈಲಿನ್‌ಡಯಮೀನ್ ಎಂಬ ವಸ್ತು ಕೆಲವರಲ್ಲಿ ತೀವ್ರ ಅಲರ್ಜಿ ಎಬ್ಬಿಸುತ್ತದೆ. ಕಪ್ಪು ಮೆಹಂದಿ ಎಂದು ಕೈಗೆ ಹಚ್ಚುವ ಲೇಪದಲ್ಲಿಯೂ ಅದು ಇರುವುದುಂಟು. ಅಲ್ಲಿ ಒಮ್ಮೆ ಅಲರ್ಜಿ ಹತ್ತಿದರೆ ವರ್ಷಗಳ ನಂತರ ತಲೆಗೆ ಬಣ್ಣ ಹಚ್ಚಿದಾಗ ಮುಖವೆಲ್ಲ ಊದಿಕೊಳ್ಳಬಹುದು. ಆದ್ದರಿಂದ 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈ ಒಳಮಡಿಕೆಯಲ್ಲೋ ಚೂರು ಹಚ್ಚಿ ನೋಡುವ ಪರೀಕ್ಷೆಯನ್ನು ಕಡ್ಡಾಯ ಮಾಡಿ. ಮದುವೆಯ ಹಿಂದಿನ ದಿನ ಬಂದು ಬಣ್ಣ ಹಚ್ಚಿ ಎಂದರೆ ಆಗುವುದಿಲ್ಲ ಎಂದು ಹೇಳುವ ಧೈರ್ಯ ಈ ನಿಯಮದಿಂದ ಕೆಲಸಗಾರರಿಗೆ ಬರುತ್ತದೆ.

ವೃದ್ಧಾಶ್ರಮದಲ್ಲಿ ಒಪ್ಪಿಗೆಯ ಪ್ರಶ್ನೆ ಸೂಕ್ಷ್ಮವಾದದ್ದು. ಮರೆವಿನ ಕಾಯಿಲೆ ಇರುವವರ ಪರವಾಗಿ ಮನೆಯವರು ಸಹಿ ಹಾಕಿರಬಹುದು. ಆದರೂ ಕತ್ತರಿ ಕಂಡು ಅವರು ತಲೆ ಸರಿಸಿದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಬೇಕು. ನೋಡಿಕೊಳ್ಳುವ ಸುಲಭಕ್ಕೆಂದು ಯಾರ ತಲೆಯನ್ನೂ ಬೋಳಿಸಕೂಡದು. ಇದನ್ನು ಕಲಮಾಗಿಯೇ ಬರೆಯಿರಿ.

ಹಂತ 7: ರಕ್ತ ಬಂದಾಗ ಏನು ಮಾಡಬೇಕು

ಈ ಭಾಗವನ್ನು ಅಂಗೈಯಗಲದ ಚೀಟಿಯಲ್ಲಿ ಅಚ್ಚು ಹಾಕಿಸಿ ಹಡಪದ ಮುಚ್ಚಳದ ಒಳಗೆ ಅಂಟಿಸಿ. ಕೆಲಸ ನಿಲ್ಲಿಸಿ, ಕೈಗವಸು ಹಾಕಿ. ಶುದ್ಧ ಗಾಜ್ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ, ಊದಬೇಡಿ. ರಕ್ತ ನಿಂತ ಮೇಲೆ ಪಟ್ಟಿ ಹಾಕಿ. ರಕ್ತ ತಾಗಿದ ಸಾಮಾನು ಬಳಸಿದ ಡಬ್ಬಿಗೆ ಹೋಗಲಿ, ಅಂದು ಮತ್ತೆ ಹೊರಬರದಿರಲಿ. ಹಾಳೆ, ಹತ್ತಿ, ಕೈಗವಸು ಗಂಟು ಕಟ್ಟಿದ ಚೀಲಕ್ಕೆ. ಕೈ ತೊಳೆದು, ಸಮಯ ಮತ್ತು ಘಟನೆಯನ್ನು ದಾಖಲೆ ಪುಸ್ತಕದಲ್ಲಿ ಬರೆಯಿರಿ. ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಕೆಲಸಗಾರರ ಕೈಗೆ ಗಾಯವಾದರೂ ಕ್ರಮ ಇದೇ. ಅವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವ ಹೊಣೆಯನ್ನು ಪರವಾನಗಿ ಕೊಡುವವರೇ ಹೊರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 8: ಕೆಲಸಗಾರರ ಸುರಕ್ಷತೆಯನ್ನೂ ನಿಯಮದಲ್ಲಿ ಸೇರಿಸಿ

ಹೆಚ್ಚಿನ ಕರಡುಗಳು ಗ್ರಾಹಕರನ್ನಷ್ಟೇ ಕಾಯುತ್ತವೆ. ಆದರೆ ಗುರುತಿಲ್ಲದ ಮನೆಯೊಳಗೆ ಒಬ್ಬರೇ ಕಾಲಿಡುವವರು ಸೌಂದರ್ಯ ಸೇವೆಯ ಹೆಣ್ಣುಮಕ್ಕಳು. ಬುಕಿಂಗ್ ಪಡೆಯುವ ಕಂಪನಿ ಗ್ರಾಹಕರ ಗುರುತನ್ನು ಖಚಿತಪಡಿಸಿಕೊಂಡಿರಬೇಕು. ಹೆದರಿಕೆ ಅನಿಸಿದರೆ ಅರ್ಧದಲ್ಲೇ ಎದ್ದು ಬರಲು ಅವಕಾಶವಿರಬೇಕು, ಅದಕ್ಕಾಗಿ ದಂಡವನ್ನಾಗಲಿ ಕಡಿಮೆ ಅಂಕವನ್ನಾಗಲಿ ಹಾಕಕೂಡದು. ಸಹಾಯಕ್ಕೆ ಕರೆ ಬಂದರೆ ಮನುಷ್ಯರೇ ಎತ್ತಿಕೊಳ್ಳಬೇಕು. ಎರಡು ಬುಕಿಂಗ್‌ಗಳ ನಡುವೆ ಸಾಮಾನು ಬದಲಿಸಿ ಕೈ ತೊಳೆಯುವಷ್ಟು ಬಿಡುವು ಕೊಡದ ಕಂಪನಿ ಸ್ವಚ್ಛತೆಯ ನಿಯಮ ಮುರಿದಂತೆಯೇ. ಆಗ ದಂಡ ಬೀಳಬೇಕಾದದ್ದು ಕಂಪನಿಗೆ, ಕೆಲಸಗಾರರಿಗಲ್ಲ.

ಹಂತ 9: ತಪಾಸಣೆ ಮತ್ತು ದಂಡ

ಯಾರದೋ ಮನೆಯೊಳಗೆ ತಪಾಸಣಾಧಿಕಾರಿ ನುಗ್ಗಲಾಗದು, ನುಗ್ಗಲೂಬಾರದು. ಹಡಪವನ್ನೇ ತಪಾಸಣೆಗೆ ಕರೆಸಿ. ವರ್ಷಕ್ಕೊಮ್ಮೆ ನವೀಕರಣದ ವೇಳೆ ಹಡಪ ಬಿಚ್ಚಿ ತೋರಿಸಲಿ, ಟ್ರಿಮ್ಮರಿನ ಹಲ್ಲು ಬಿಚ್ಚಿ ಶುದ್ಧಿ ಮಾಡಿ ತೋರಿಸಲಿ. ಮದುವೆ ಮಂಟಪ, ವೃದ್ಧಾಶ್ರಮ, ಶಿಬಿರಗಳಲ್ಲಿ ಮುನ್ಸೂಚನೆ ಇಲ್ಲದ ಭೇಟಿ ಸಾಧ್ಯ. ಬ್ಲೇಡು ಕೊಂಡ ರಸೀದಿಯನ್ನೂ ಬುಕಿಂಗ್ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ತಿಂಗಳಿಗೆ 200 ಕ್ಷೌರ ಮಾಡಿ 50 ಬ್ಲೇಡು ಕೊಂಡಿದ್ದರೆ ಬೇರೆ ಸಾಕ್ಷಿ ಬೇಡ.

ದಂಡ ಮೆಟ್ಟಿಲು ಮೆಟ್ಟಿಲಾಗಿರಲಿ. ಗುರುತಿನ ಚೀಟಿ ಮರೆತವರಿಗೆ ತಿಳಿವಳಿಕೆ, ಒಂದೇ ಡಬ್ಬಿಯಲ್ಲಿ ಎಲ್ಲ ಸಾಮಾನು ಬೆರೆಸಿದವರಿಗೆ ಮರುತರಬೇತಿ, ಬ್ಲೇಡು ಮರುಬಳಸಿದವರಿಗೆ ಅಮಾನತು, ಮೂರನೆಯ ದರ್ಜೆಯ ಕೆಲಸವನ್ನು ಮನೆಯಲ್ಲಿ ಮಾಡಿದವರಿಗೆ ಪರವಾನಗಿ ರದ್ದು. ಮಾಡಿದ ತಪ್ಪನ್ನು ತಾವೇ ಪುಸ್ತಕದಲ್ಲಿ ಬರೆದವರಿಗೆ ಒಂದು ಮೆಟ್ಟಿಲು ರಿಯಾಯಿತಿ ಕೊಡಿ, ಇಲ್ಲದಿದ್ದರೆ ಆ ಪುಸ್ತಕ ಸದಾ ಖಾಲಿಯೇ ಇರುತ್ತದೆ.

ಹಂತ 10: ಜಾರಿಗೆ ತರುವ ಕ್ರಮ

ಕರಡನ್ನು ಮೊದಲು ಕೆಲಸಗಾರರ ಮುಂದೆ ಓದಿ. ಎಲ್ಲಿ ನಕ್ಕರೋ ಆ ಕಲಮು ನಡೆಯುವುದಿಲ್ಲ ಎಂದೇ ಅರ್ಥ, ತಿದ್ದಿ. ಮೊದಲ ಆರು ತಿಂಗಳು ತರಬೇತಿ ಮತ್ತು ನೋಂದಣಿ ಮಾತ್ರ ನಡೆಯಲಿ, ದಂಡ ಬೇಡ. ಆ ಅವಧಿಯಲ್ಲಿ ನೋಂದಾಯಿಸಿದವರಿಗೆ ಎರಡು ಬಣ್ಣದ ಡಬ್ಬಿ ಮತ್ತು ಬ್ಲೇಡಿನ ಡಬ್ಬಿಯನ್ನು ಉಚಿತವಾಗಿ ಕೊಡಿ. ತುಂಬಿದ ಬ್ಲೇಡಿನ ಡಬ್ಬಿಯನ್ನು ಎಲ್ಲಿಗೆ ತಂದೊಪ್ಪಿಸಬೇಕು ಎಂಬ ವಿಳಾಸವನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಿಸಿ. ಆ ಜಾಗ ಕೆಲಸಗಾರರು ದಿನವೂ ಓಡಾಡುವ ದಾರಿಯಲ್ಲಿರಲಿ, ಸಂಜೆ ಕೆಲಸ ಮುಗಿಯುವ ಹೊತ್ತಿಗೂ ತೆರೆದಿರಲಿ.